ಗ್ಯಾಂಬಿಟ್ ಆಯ್ಕೆ: ಕೊಟ್ಟ ಕಾಲಾಳಿಗೆ ಪ್ರತಿಯಾಗಿ ಏನು ಸಿಗುತ್ತದೆ?

ಚೆಸ್ ಆಟದ ಮೊದಲ ಕೆಲವೇ ನಡೆಗಳಲ್ಲಿ ಒಂದು ಕಾಲಾಳನ್ನು, ಅಪರೂಪಕ್ಕೆ ಎರಡನ್ನು, ಬೇಕೆಂದೇ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಕಾಯಿಗಳನ್ನು ಬೇಗ ಹೊರತರುವ ಅವಕಾಶವನ್ನೋ ನಡುವಿನ ಮನೆಗಳ ಮೇಲಿನ ಹಿಡಿತವನ್ನೋ ತೆರೆದ ಫೈಲ್‌ಗಳನ್ನೋ (ಕಾಲಾಳುಗಳ ಅಡ್ಡಿಯಿಲ್ಲದ ಉದ್ದಸಾಲುಗಳನ್ನೋ) ಪಡೆಯುವ ಓಪನಿಂಗ್‌ಗಳನ್ನು, ಅಂದರೆ ಆಟದ ಆರಂಭಕ್ರಮಗಳನ್ನು, ಗ್ಯಾಂಬಿಟ್ ಎನ್ನುತ್ತಾರೆ. ಇವನ್ನು ಕಲಿಯಬೇಕೆ ಬೇಡವೆ ಎಂಬ ಚರ್ಚೆ ಆಟಗಾರರ ನಡುವೆ ನಡೆಯುತ್ತಲೇ ಇರುತ್ತದೆ. ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಒಪ್ಪದ ನಡೆಯನ್ನು ಆಡಬಾರದು ಎಂದು ಕೆಲವರು ವಾದಿಸಿದರೆ, ಎದುರಿಗೆ ಕುಳಿತಿರುವುದು ಎಂಜಿನ್ ಅಲ್ಲವಲ್ಲ ಎಂದು ಇನ್ನು ಕೆಲವರು ಮರುವಾದ ಹೂಡುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಬೆಂಕೊ ಗ್ಯಾಂಬಿಟ್‌ಗೂ ಎಂಗ್ಲುಂಡ್ ಗ್ಯಾಂಬಿಟ್‌ಗೂ ಹೆಸರಿನಲ್ಲಿರುವ ಸಾಮ್ಯ ಬಿಟ್ಟರೆ ಹೆಚ್ಚಿನ ನಂಟಿಲ್ಲದ ಕಾರಣ, ಗ್ಯಾಂಬಿಟ್‌ಗಳನ್ನೆಲ್ಲ ಒಟ್ಟಾಗಿ ಹೊಗಳುವುದರಿಂದಾಗಲಿ ತೆಗಳುವುದರಿಂದಾಗಲಿ ಆಯ್ಕೆ ಮಾಡಿಕೊಳ್ಳಬೇಕಾದವರಿಗೆ ಪ್ರಯೋಜನವಾಗುವುದಿಲ್ಲ.

ಯಾವುದೇ ಗ್ಯಾಂಬಿಟ್ ಅನ್ನು ಅಳೆಯುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಎದುರಾಳಿಗೆ ಸರಿಯಾದ ಉತ್ತರ ಗೊತ್ತಿದ್ದು, ಅದನ್ನು ಅವರು ಆಡಿಯೂಬಿಟ್ಟರೆ, ಕಾಲಾಳು ಕಳೆದುಕೊಂಡ ನಮ್ಮ ಪಾಲಿಗೆ ಉಳಿಯುವುದೇನು? ಮೂರು ನಡೆಗಳ ಮುನ್ನಡೆ ಒಂದು ಕಾಲಾಳಿಗೆ ಸಮ ಎಂಬ ಸ್ಥೂಲ ಲೆಕ್ಕವೊಂದು ಹಿಂದಿನಿಂದಲೂ ಬಳಕೆಯಲ್ಲಿದೆ. ಲೆಕ್ಕವೇನೋ ಉಪಯುಕ್ತವಾದದ್ದೇ, ಆದರೆ ನಡೆಗಳ ಮುನ್ನಡೆ ಕರಗಿಹೋಗುವಂಥದ್ದು. ಎದುರಾಳಿ ಎಚ್ಚರಿಕೆಯಿಂದ ಹತ್ತು ನಡೆ ಆಡಿ, ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರಪಡಿಸುವುದು) ಮುಗಿಸಿ, ಎಲ್ಲ ಕಾಯಿಗಳನ್ನು ಹೊರತಂದರೆಂದರೆ ನಮ್ಮ ಮುನ್ನಡೆ ಮಾಯವಾಗುತ್ತದೆ, ಅವರ ಹೆಚ್ಚುವರಿ ಕಾಲಾಳು ಮಾತ್ರ ಹಾಗೆಯೇ ಉಳಿದಿರುತ್ತದೆ. ತೆರೆದ ಫೈಲ್, ಎದುರಾಳಿಯ ದುರ್ಬಲ ಕಾಲಾಳುಗಳು, ಜೋಡಿ ಒಂಟೆಗಳು ಇಂಥವು ಅಷ್ಟು ಬೇಗ ಕರಗುವುದಿಲ್ಲ. ಮುಂದಿನ ಹೋಲಿಕೆಯೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಬಲೆಯನ್ನೇ ನಂಬಿಕೊಂಡವು

ಆನ್‌ಲೈನ್ ಬ್ಲಿಟ್ಸ್ (ಕೆಲವೇ ನಿಮಿಷಗಳ ಆಟ) ಆಡುವವರೆಲ್ಲರೂ ಎಂಗ್ಲುಂಡ್ ಗ್ಯಾಂಬಿಟ್ ಅನ್ನು ಒಮ್ಮೆಯಾದರೂ ಎದುರಿಸಿರುತ್ತಾರೆ. ಬಿಳಿ ಡಿ4 ಆಡಿದೊಡನೆ ಕಪ್ಪು ಇ5 ಆಡಿ ಕಾಲಾಳನ್ನು ಒಡ್ಡುತ್ತದೆ (ಅಕ್ಷರ ಹಲಗೆಯ ಉದ್ದಸಾಲನ್ನೂ ಅಂಕಿ ಅಡ್ಡಸಾಲನ್ನೂ ಸೂಚಿಸುತ್ತದೆ; ಕಾಯಿಯ ಹೆಸರಿಲ್ಲದ ನಡೆ ಕಾಲಾಳಿನದು). ಬಿಳಿ ಅದನ್ನು ಹೊಡೆದ ಮೇಲೆ ಕಪ್ಪಿನ ಕುದುರೆ ಸಿ6ಕ್ಕೆ ಬರುತ್ತದೆ, ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪಿನ ರಾಣಿ ಇ7ಕ್ಕೆ, ಬಿಳಿಯ ಒಂಟೆ ಎಫ್4ಕ್ಕೆ. ಈಗ ಕಪ್ಪಿನ ರಾಣಿ ಬಿ4ರಿಂದ ಚೆಕ್ ಕೊಡುತ್ತದೆ, ಒಂಟೆ ಡಿ2ಕ್ಕೆ ಹಿಂದೆಗೆಯುತ್ತದೆ, ರಾಣಿ ಬಿ2ರ ಕಾಲಾಳನ್ನು ಹೊಡೆಯುತ್ತದೆ. ಇಲ್ಲಿ ಬಿಳಿ, ರಾಣಿಯನ್ನು ಅಟ್ಟುವ ಉತ್ಸಾಹದಲ್ಲಿ, ಒಂಟೆಯನ್ನು ಸಿ3ಕ್ಕೆ ತಂದರೆ ಕಪ್ಪಿನ ಒಂಟೆ ಬಿ4ಕ್ಕೆ ಬಂದು ಆಟವನ್ನು ಮುಗಿಸಿಬಿಡುತ್ತದೆ: ಬಿಳಿಯ ರಾಣಿ ಡಿ2ಕ್ಕೆ ಬಂದರೂ ಸಿ3ರಲ್ಲಿ ಹೊಡೆತ ನಡೆಯುತ್ತದೆ, ರಾಣಿಯಿಂದ ತಿರುಗಿ ಹೊಡೆದರೆ ಸಿ1ರಲ್ಲಿ ಚೆಕ್‌ಮೇಟ್, ಕುದುರೆಯಿಂದ ಹೊಡೆದರೆ ಎ1ರ ಆನೆ ಹೋಯಿತು. ನೋಡಲು ಸೊಗಸಾದ ಬಲೆಯಿದು. ಆದರೆ ಸಿ3ಕ್ಕೆ ಒಂಟೆಯ ಬದಲು ಕುದುರೆಯನ್ನು ತಂದರೆ ಬಲೆ ಅಲ್ಲಿಗೇ ಹರಿಯುತ್ತದೆ. ಬಿಳಿಯ ಆನೆ ಬಿ1ಕ್ಕೆ ಬಂದು ಕಪ್ಪಿನ ರಾಣಿಯನ್ನು ಅಟ್ಟಾಡಿಸತೊಡಗುತ್ತದೆ, ಕಪ್ಪಿನ ರಾಜ ಇನ್ನೂ ನಡುವಿನಲ್ಲೇ ಇರುತ್ತಾನೆ, ಕಾಯಿಗಳು ಹೊರಬಂದಿರುವುದಿಲ್ಲ. ಮೇಲಿನ ಪ್ರಶ್ನೆಗೆ ಎಂಗ್ಲುಂಡ್ ಕೊಡುವ ಉತ್ತರ ಶೂನ್ಯ.

ಸ್ಟಾಫರ್ಡ್ ಗ್ಯಾಂಬಿಟ್ ಕೂಡ ಇದೇ ಗುಂಪಿಗೆ ಸೇರುತ್ತದೆ, ಆದರೆ ಒಂದು ಮೆಟ್ಟಿಲು ಮೇಲಿದೆ. ಇ4 ಇ5, ಕುದುರೆಗಳು ಎಫ್3 ಮತ್ತು ಎಫ್6ಕ್ಕೆ, ಬಿಳಿಯ ಕುದುರೆ ಇ5ರ ಕಾಲಾಳನ್ನು ಹೊಡೆದಾಗ ಕಪ್ಪು ತನ್ನ ಇನ್ನೊಂದು ಕುದುರೆಯನ್ನು ಸಿ6ಕ್ಕೆ ತಂದು ವಿನಿಮಯಕ್ಕೆ ಆಹ್ವಾನಿಸುತ್ತದೆ. ವಿನಿಮಯವಾದ ಮೇಲೆ ಕಪ್ಪಿನ ಎರಡೂ ಒಂಟೆಗಳಿಗೆ ದಾರಿ ಬಿಡುವಾಗುತ್ತದೆ. ಬಿಳಿ ಡಿ3 ಆಡಿ, ಕಪ್ಪಿನ ಒಂಟೆ ಸಿ5ಕ್ಕೆ ಬಂದಾಗ, ಸಹಜವೆಂದು ತೋರುವ ಒಂಟೆ ಜಿ5 ಆಡಿತೆಂದರೆ ಕಪ್ಪಿನ ಕುದುರೆ ಇ4ನ್ನು ಹೊಡೆಯುತ್ತದೆ. ಬಿಳಿ ರಾಣಿಯನ್ನು ಹೊಡೆದರೆ ಎಫ್2ರಲ್ಲಿ ಒಂಟೆಯ ಚೆಕ್, ರಾಜ ಇ2ಕ್ಕೆ, ಜಿ4ರಲ್ಲಿ ಇನ್ನೊಂದು ಒಂಟೆಯಿಂದ ಚೆಕ್‌ಮೇಟ್. ಜಿ5ರ ಬದಲು ಒಂಟೆಯನ್ನು ಇ2ಕ್ಕೆ ತಂದಿಟ್ಟು ಸಾವಧಾನವಾಗಿ ಆಡಿದರೆ ಬಿಳಿಗೆ ಹೆಚ್ಚುವರಿ ಕಾಲಾಳು ದಕ್ಕಿದ ಹಾಗೆಯೇ. ಮೂರು ನಿಮಿಷದ ಆಟದಲ್ಲಿ ಮೋಜಿಗಾಗಿ ಇವನ್ನು ಆಡುವವರ ಮೇಲೆ ನನ್ನ ತಕರಾರಿಲ್ಲ. ಆದರೆ ರೇಟಿಂಗ್ ಪಂದ್ಯದಲ್ಲಿ ಇವನ್ನೇ ನೆಚ್ಚಿಕೊಂಡವರು, ಎದುರಾಳಿಯ ಮಟ್ಟ ಏರುತ್ತ ಹೋದಂತೆ, ಪ್ರತಿ ಆಟವನ್ನೂ ಒಂದು ಕಾಲಾಳು ಕಡಿಮೆ ಇಟ್ಟುಕೊಂಡು ಆರಂಭಿಸಬೇಕಾಗುತ್ತದೆ.

ಬುಡಾಪೆಸ್ಟ್ ಗ್ಯಾಂಬಿಟ್ ಅನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಡಿ4 ಕುದುರೆ ಎಫ್6, ಸಿ4 ಇ5. ಬಿಳಿ ಹೊಡೆದಾಗ ಕುದುರೆ ಜಿ4ಕ್ಕೆ ಹಾರುತ್ತದೆ. ಇದರಲ್ಲೂ ಪ್ರಸಿದ್ಧವಾದ ಬಲೆಯೊಂದಿದೆ: ಬಿಳಿ ಎ3 ಆಡಿ ಬಿ4ರ ಒಂಟೆಯನ್ನು ಆಸೆಪಟ್ಟು ಹೊಡೆದರೆ, ಇ7ರಲ್ಲಿರುವ ರಾಣಿಯ ನೇರಕ್ಕೆ ಸಿಲುಕಿದ ಇ2ರ ಕಾಲಾಳು ಕದಲಲಾರದೆ, ಡಿ3ಕ್ಕೆ ನೆಗೆದ ಕುದುರೆಯಿಂದ ಚೆಕ್‌ಮೇಟ್ ಆಗುತ್ತದೆ. ಆದರೆ ಬಿಳಿ ಈ ಬಲೆಗೆ ಬೀಳದಿದ್ದರೂ ಕಪ್ಪಿಗೆ ನಷ್ಟವೇನಿಲ್ಲ. ಆ ಹೊತ್ತಿಗೆ ಕಪ್ಪು ತನ್ನ ಕಾಲಾಳನ್ನು ಇ5ರಲ್ಲಿ ವಾಪಸು ಪಡೆದಿರುತ್ತದೆ. ಬಿಳಿಗೆ ಜೋಡಿ ಒಂಟೆಗಳ ಸಣ್ಣ ಅನುಕೂಲ ಉಳಿಯುತ್ತದೆ, ಆಟ ಮಾಮೂಲಿನಂತೆ ಮುಂದುವರಿಯುತ್ತದೆ. ಬಲೆಯ ಹಿಂದೆ ಒಂದು ಓಪನಿಂಗ್ ಇರಬೇಕು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ನೇರ ದಾಳಿಯ ಗ್ಯಾಂಬಿಟ್‌ಗಳು

19ನೆಯ ಶತಮಾನದ ಆಟವೆಂದರೆ ಕಿಂಗ್ಸ್ ಗ್ಯಾಂಬಿಟ್: ಇ4 ಇ5, ಎಫ್4. 1851ರಲ್ಲಿ ಲಂಡನ್‌ನಲ್ಲಿ ಅಡಾಲ್ಫ್ ಆಂಡರ್ಸನ್ ಅವರು ಕೀಸೆರಿಟ್ಸ್ಕಿ ವಿರುದ್ಧ ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿಯನ್ನೂ ಬಿಟ್ಟುಕೊಟ್ಟು ಗೆದ್ದ, ‘ಅಮರ ಆಟ’ ಎಂದೇ ಹೆಸರಾದ ಆಟ ಇದರಲ್ಲೇ ಹುಟ್ಟಿತು. ಆಕರ್ಷಣೆ ಅರ್ಥವಾಗುವಂಥದ್ದೇ. ತೊಡಕು ಇರುವುದು ಬೇರೆಡೆ: ಬಿಳಿ ಇಲ್ಲಿ ಬಿಟ್ಟುಕೊಡುವುದು ತನ್ನ ರಾಜನನ್ನು ಕಾಯುವ ಕಾಲಾಳನ್ನು. ಎಫ್ ಫೈಲ್ ತೆರೆದುಕೊಂಡು ತನ್ನ ಆನೆಗೆ ಹೇಗೆ ಅನುಕೂಲವಾಗುತ್ತದೋ, ಹೆಚ್4ರಿಂದ ಇ1ಕ್ಕೆ ಇಳಿಯುವ ಕರ್ಣ ತೆರೆದುಕೊಂಡು ತನ್ನ ರಾಜನಿಗೆ ಹಾಗೆಯೇ ಅಪಾಯವಾಗುತ್ತದೆ. 1960ರಲ್ಲಿ ಮಾರ್ ಡೆಲ್ ಪ್ಲಾಟಾದಲ್ಲಿ ಸ್ಪಾಸ್ಕಿ ಅವರಿಗೆ ಇದೇ ಓಪನಿಂಗ್‌ನಲ್ಲಿ ಸೋತ ಬಾಬಿ ಫಿಷರ್, ಮರುವರ್ಷವೇ ಕಿಂಗ್ಸ್ ಗ್ಯಾಂಬಿಟ್ ಸೋಲುವ ಆಟವೆಂದು ವಾದಿಸುವ ಲೇಖನ ಬರೆದರು. ಮೂರನೆಯ ನಡೆಯಲ್ಲಿ ಡಿ6 ಆಡುವ ಅವರ ಸಲಹೆ ಈಗಲೂ ಅವರ ಹೆಸರಿನಲ್ಲೇ ಚಲಾವಣೆಯಲ್ಲಿದೆ. ಅದೇ ಫಿಷರ್ 1960ರ ದಶಕದಲ್ಲಿ ತಾವೇ ಬಿಳಿ ಕಾಯಿಗಳಲ್ಲಿ, ಒಂಟೆಯನ್ನು ಸಿ4ಕ್ಕೆ ತರುವ ರೂಪದಲ್ಲಿ, ಇದನ್ನು ಆಡಿ ಗೆದ್ದಿದ್ದಾರೆ ಎಂಬುದನ್ನು ಲೇಖನವನ್ನು ನೆನೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಇಂದಿನ ಎಂಜಿನ್‌ಗಳು ಕಪ್ಪಿಗೆ ಸ್ವಲ್ಪ ಅನುಕೂಲವೆಂದು ತೋರಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಕ್ಲಬ್ ಆಟಗಾರರು ಚಿಂತಿಸಬೇಕಾದದ್ದು ಆ ಸಣ್ಣ ಅಂಕಿಯ ಬಗ್ಗೆ ಅಲ್ಲ. ಎಫ್4ರ ನಂತರದ ಆಟಗಳಲ್ಲಿ ಬಿಳಿಗೂ ಕಪ್ಪಿಗೂ ತಪ್ಪು ಮಾಡುವ ಅವಕಾಶ ಸಮಸಮವಾಗಿರುತ್ತದೆ, ಓದಬೇಕಾದ ಉಪಶಾಖೆಗಳು ಮಾತ್ರ ಬಿಳಿಯವರಿಗೇ ಹೆಚ್ಚು.

ಅದೇ ಎಫ್4 ನಡೆಯನ್ನು ಒಂದು ನಡೆ ತಡವಾಗಿ ಆಡುವ ವಿಯೆನ್ನಾ ಗ್ಯಾಂಬಿಟ್ ಹೆಚ್ಚು ಜಾಣತನದ ಆಯ್ಕೆ. ಮೊದಲು ಕುದುರೆ ಸಿ3ಕ್ಕೆ ಬರುತ್ತದೆ, ಕಪ್ಪಿನ ಕುದುರೆ ಎಫ್6ಕ್ಕೆ ಬಂದ ಮೇಲೆ ಎಫ್4. ಈಗ ಕಪ್ಪು ಕಾಲಾಳನ್ನು ಹೊಡೆದರೆ ಬಿಳಿ ಇ5ಕ್ಕೆ ನುಗ್ಗುತ್ತದೆ, ಕಪ್ಪಿನ ಕುದುರೆಗೆ ಹುಟ್ಟಿದ ಮನೆಯಾದ ಜಿ8ಕ್ಕೆ ಮರಳುವುದಕ್ಕಿಂತ ಒಳ್ಳೆಯ ದಾರಿಯಿರುವುದಿಲ್ಲ. ಡಿ5 ಎಂಬ ಸರಿಯಾದ ಉತ್ತರ ಬಂದರೂ ಆಟ ಸಮವಾಗಿಯೇ ಸಾಗುತ್ತದೆ, ಬಿಳಿ ಏನನ್ನೂ ಕಳೆದುಕೊಂಡಿರುವುದಿಲ್ಲ. ಕಿಂಗ್ಸ್ ಗ್ಯಾಂಬಿಟ್‌ನ ಸೊಗಡು ಬೇಕು, ಅದರ ಅಪಾಯ ಬೇಡ ಎನ್ನುವವರಿಗೆ ಇದು ಹೊಂದುತ್ತದೆ.

ಡೇನಿಷ್ ಗ್ಯಾಂಬಿಟ್‌ನಲ್ಲಿ ಬಿಳಿ ಒಂದಲ್ಲ, ಎರಡು ಕಾಲಾಳು ಬಿಟ್ಟುಕೊಟ್ಟು ಸಿ4 ಮತ್ತು ಬಿ2ರಲ್ಲಿ ಎರಡು ಒಂಟೆಗಳನ್ನು ಕಪ್ಪಿನ ರಾಜನ ಕಡೆಗೆ ಗುರಿಯಿಟ್ಟು ನಿಲ್ಲಿಸುತ್ತದೆ. ಇದರ ಬಿಸಿಯನ್ನು ಆರಿಸುವ ದಾರಿ ಶ್ಲೆಕ್ಟರ್ ಅವರ ಹೆಸರಿನಲ್ಲಿದೆ. ಕಪ್ಪು ಐದನೆಯ ನಡೆಯಲ್ಲಿ ಡಿ5 ಆಡಿ ಒಂದು ಕಾಲಾಳನ್ನು ಹಿಂದಿರುಗಿಸುತ್ತದೆ. ಒಂಟೆ ಅದನ್ನು ಹೊಡೆದಾಗ ಕುದುರೆ ಎಫ್6ಕ್ಕೆ ಬರುತ್ತದೆ. ಬಿಳಿ ಎಫ್7ರಲ್ಲಿ ಒಂಟೆಯನ್ನು ಕೊಟ್ಟು ಚೆಕ್ ಹೇಳಿ ಡಿ8ರ ರಾಣಿಯನ್ನು ಹೊಡೆದರೆ, ಕಪ್ಪು ಬಿ4ರಿಂದ ಚೆಕ್ ಹೇಳಿ ಬಿಳಿಯ ರಾಣಿಯನ್ನೂ ಮರಳಿ ಪಡೆಯುತ್ತದೆ. ಧೂಳು ಅಡಗಿದ ಮೇಲೆ ಎಣಿಸಿದರೆ ಇಬ್ಬರ ಬಳಿಯೂ ಐದೈದು ಕಾಲಾಳು, ಎರಡು ಆನೆ, ಎರಡು ಕುದುರೆ, ಒಂದು ಒಂಟೆ. ರಾಣಿಯ ಬದಿಯಲ್ಲಿ ಕಪ್ಪಿಗೆ ಮೂರು ಕಾಲಾಳು, ಬಿಳಿಗೆ ಒಂದೇ. ರಾಣಿಗಳಿಲ್ಲದ ಈ ತಣ್ಣನೆಯ ಸ್ಥಿತಿಯನ್ನು ಆಡಲು ಡೇನಿಷ್ ಆರಿಸಿಕೊಂಡವರಿಗೆ ಮನಸ್ಸಿದೆಯೆ ಎಂಬುದೇ ಪ್ರಶ್ನೆ. ಸಾಮಾನ್ಯವಾಗಿ ಇರುವುದಿಲ್ಲ.

ಈ ಗುಂಪಿನಲ್ಲಿ ನನ್ನ ಮೊದಲ ಆಯ್ಕೆ ಇವಾನ್ಸ್ ಗ್ಯಾಂಬಿಟ್. ವೇಲ್ಸ್‌ನ ಹಡಗಿನ ಕಪ್ತಾನ ವಿಲಿಯಂ ಡೇವೀಸ್ ಇವಾನ್ಸ್ 1820ರ ದಶಕದಲ್ಲಿ ರೂಪಿಸಿದ್ದು ಇದು. ಇಟಾಲಿಯನ್ ಓಪನಿಂಗ್‌ನಲ್ಲಿ (ಇ4 ಇ5, ಕುದುರೆಗಳು ಎಫ್3 ಮತ್ತು ಸಿ6ಕ್ಕೆ, ಬಿಳಿಯ ಒಂಟೆ ಸಿ4ಕ್ಕೆ) ಕಪ್ಪಿನ ಒಂಟೆ ಸಿ5ಕ್ಕೆ ಬಂದೊಡನೆ ಬಿಳಿ ಬಿ4ರ ಕಾಲಾಳನ್ನು ಒಡ್ಡುತ್ತದೆ. ಒಂಟೆ ಹೊಡೆದಾಗ ಸಿ3 ಆಡಿ ಅದನ್ನು ಅಟ್ಟುತ್ತ, ಮುಂದಿನ ನಡೆಯಲ್ಲಿ ಡಿ4 ಆಡಿ ನಡುವಣ ಮನೆಗಳನ್ನು ಹಿಡಿಯುತ್ತದೆ. ಕಿಂಗ್ಸ್ ಗ್ಯಾಂಬಿಟ್‌ಗೆ ಹೋಲಿಸಿದರೆ ಇಲ್ಲಿ ಹೋಗುವುದು ಮೂಲೆಯ ಕಡೆಯ ಕಾಲಾಳು, ಬಿಳಿಯ ರಾಜನ ರಕ್ಷಣೆ ಚೂರೂ ಕೆಡುವುದಿಲ್ಲ. 1995ರಲ್ಲಿ ರೀಗಾದಲ್ಲಿ ಗ್ಯಾರಿ ಕ್ಯಾಸ್ಪರೋವ್ ಇದನ್ನೇ ಆಡಿ ವಿಶ್ವನಾಥನ್ ಆನಂದ್ ಅವರನ್ನು 25 ನಡೆಗಳಲ್ಲಿ ಸೋಲಿಸಿದರು. ಆನಂದ್ ಒಂಟೆಯನ್ನು ಇ7ಕ್ಕೆ ಹಿಂದೆಗೆದು, ಕುದುರೆಯಿಂದ ಸಿ4ರ ಒಂಟೆಯನ್ನು ಕೆಣಕಿದಾಗ, ಕ್ಯಾಸ್ಪರೋವ್ ಇ5ರ ಕಾಲಾಳನ್ನು ಕೂಡಲೇ ಹೊಡೆಯಲು ಹೋಗದೆ ಒಂಟೆಯನ್ನು ಇ2ಕ್ಕೆ ಸರಿಸಿದ ನಡೆಯನ್ನು ಗಮನವಿಟ್ಟು ನೋಡಬೇಕು: ಕಾಲಾಳು ಎಲ್ಲಿಗೂ ಹೋಗುವುದಿಲ್ಲ, ಒಂಟೆ ಉಳಿದರೆ ಒತ್ತಡ ಉಳಿಯುತ್ತದೆ ಎಂಬ ಗ್ಯಾಂಬಿಟ್ ಆಟಗಾರರ ಯೋಚನಾಕ್ರಮ ಆ ಒಂದೇ ನಡೆಯಲ್ಲಿದೆ. ಹಾಗೆಂದು ಇವಾನ್ಸ್‌ಗೂ ಮದ್ದಿಲ್ಲದಿಲ್ಲ. ಲಾಸ್ಕರ್ ಅವರ ವಿಧಾನದಲ್ಲಿ ಕಪ್ಪು ಡಿ6 ಆಡಿ, ಒಂಟೆಯನ್ನು ಬಿ6ಕ್ಕೆ ಇಳಿಸಿ, ಗೆದ್ದ ಕಾಲಾಳನ್ನು ವಾಪಸು ಕೊಡಲು ಸಿದ್ಧವಾಗುತ್ತದೆ. ಬಿಳಿ ಆಸೆಯಿಂದ ಅದನ್ನು ತೆಗೆದುಕೊಂಡು ರಾಣಿಗಳನ್ನು ವಿನಿಮಯ ಮಾಡಿಕೊಂಡರೆ ಎ ಮತ್ತು ಸಿ ಫೈಲ್‌ಗಳಲ್ಲಿ ಒಂಟಿ ಕಾಲಾಳುಗಳು ಹೊರೆಯಾಗಿ ಉಳಿಯುತ್ತವೆ. ಆಗ ತೆಗೆದುಕೊಳ್ಳದೆ ಒತ್ತಡ ಮುಂದುವರಿಸುವ ಸಂಯಮ ಬೇಕು.

ಇವಾನ್ಸ್ ಆಡಲು ಕಪ್ಪಿನ ಸಹಕಾರವೂ ಬೇಕೆಂಬುದನ್ನು ಮರೆಯಬಾರದು. ಕಪ್ಪು ಮೂರನೆಯ ನಡೆಯಲ್ಲಿ ಒಂಟೆಯ ಬದಲು ಕುದುರೆಯನ್ನು ಎಫ್6ಕ್ಕೆ ತಂದರೆ ಬಿ4ಕ್ಕೆ ಅರ್ಥವಿಲ್ಲ. ಕುತೂಹಲದ ಸಂಗತಿಯೆಂದರೆ, ಅಲ್ಲಿ ಬಿಳಿ ಕುದುರೆಯನ್ನು ಜಿ5ಕ್ಕೆ ತಂದಾಗ ಕಾಲಾಳು ಬಿಟ್ಟುಕೊಡಬೇಕಾದವರು ಕಪ್ಪಿನವರು. ಡಿ5ರಲ್ಲಿ ಕುದುರೆಯಿಂದ ತಿರುಗಿ ಹೊಡೆದರೆ ಚೆಸ್ ತರಗತಿಯ ಮಕ್ಕಳಿಗೂ ಗೊತ್ತಿರುವ ಫ್ರೈಡ್ ಲಿವರ್ ದಾಳಿ ಕಾದಿರುತ್ತದೆ. ಆದ್ದರಿಂದ ಕುದುರೆಯನ್ನು ಎ5ಕ್ಕೆ ತಂದು, ಒಂದು ಕಾಲಾಳು ಕಡಿಮೆಯಿದ್ದರೂ ನಡೆಗಳ ಮುನ್ನಡೆಯಿಂದ ಆಡುವುದೇ ಮುಖ್ಯ ದಾರಿ. ‘ನಾನು ಗ್ಯಾಂಬಿಟ್ ಆಡುವುದಿಲ್ಲ’ ಎನ್ನುವವರೂ ಅರಿವಿಲ್ಲದೆ ಗ್ಯಾಂಬಿಟ್ ಆಡುತ್ತಿರುತ್ತಾರೆ.

ಇನ್ನು ಸ್ಕಾಚ್ ಗ್ಯಾಂಬಿಟ್‌ನಲ್ಲಿ ಬಿಳಿ ಡಿ4ರ ಕಾಲಾಳನ್ನು ಕೊಟ್ಟು ಒಂಟೆಯನ್ನು ಸಿ4ಕ್ಕೆ ತರುತ್ತದೆ. ಕಾಲಾಳು ಬಹುತೇಕ ವಾಪಸು ಬರುತ್ತದೆ, ಆಟ ಪರಿಚಿತ ಇಟಾಲಿಯನ್ ಸ್ಥಿತಿಗಳಿಗೆ ಹೊರಳುತ್ತದೆ. 1200ರ ಆಸುಪಾಸಿನ ರೇಟಿಂಗ್ ಇರುವ ಮಕ್ಕಳಿಗೆ ಮೊದಲ ಗ್ಯಾಂಬಿಟ್ ಆಗಿ ಇದನ್ನೇ ಸೂಚಿಸುವೆ.

ಸಿಸಿಲಿಯನ್‌ಗೆ ಎದುರಾಗಿ

ಇ4ಕ್ಕೆ ಕಪ್ಪು ಸಿ5 ಆಡಿದರೆ, ಅಂದರೆ ಸಿಸಿಲಿಯನ್ ಆರಿಸಿಕೊಂಡರೆ, ಬಿಳಿಯವರ ಮುಂದೆ ಎರಡು ದಾರಿಗಳು: ನೈಡಾರ್ಫ್, ಡ್ರ್ಯಾಗನ್, ಸ್ವೆಶ್ನಿಕೊವ್ ಮೊದಲಾದ ಉಪಶಾಖೆಗಳಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಓದಿಕೊಂಡು ಓಪನ್ ಸಿಸಿಲಿಯನ್ ಆಡುವುದು, ಇಲ್ಲವೆ ಸ್ಮಿತ್–ಮೊರಾ ಗ್ಯಾಂಬಿಟ್ ಆಡಿ ಎಲ್ಲರನ್ನೂ ಒಂದೇ ಬಗೆಯ ಸ್ಥಿತಿಗೆ ಎಳೆದುತರುವುದು. ಓದಲು ಸಮಯವಿಲ್ಲದ ಉದ್ಯೋಗಸ್ಥರಿಗೆ ಎರಡನೆಯದರ ಲಾಭ ದೊಡ್ಡದು. ಡಿ4, ಸಿ3 ಆಡಿ ಕಾಲಾಳು ಕೊಟ್ಟ ಮೇಲೆ ಬಿಳಿಯ ಕಾಯಿಗಳು ಹೋಗಿ ನಿಲ್ಲುವ ಮನೆಗಳು ಹೆಚ್ಚುಕಡಿಮೆ ಗೊತ್ತುಮಾಡಿಟ್ಟವು: ಒಂಟೆ ಸಿ4, ರಾಣಿ ಇ2, ಆನೆಗಳು ಸಿ ಮತ್ತು ಡಿ ಫೈಲ್‌ಗಳಲ್ಲಿ. ಕಪ್ಪು ಸಹಜವೆನಿಸುವ ನಡೆಗಳನ್ನೇ ಆಡುತ್ತ ಎಡವುವ ಸಂದರ್ಭಗಳೂ ಹೇರಳ. ಡಿ6 ಆಡಿದ ಮೇಲೆ ಕುದುರೆಯನ್ನು ಆತುರದಿಂದ ಎಫ್6ಕ್ಕೆ ತಂದರೆ ಬಿಳಿ ಇ5 ಆಡುತ್ತದೆ. ಸಿ6ರ ಕುದುರೆ ಅದನ್ನು ಹೊಡೆದು, ಬಿಳಿಯ ಕುದುರೆ ತಿರುಗಿ ಹೊಡೆದು, ಡಿ6ರ ಕಾಲಾಳು ಮತ್ತೆ ಹೊಡೆದರೆ, ಎಫ್7ರಲ್ಲಿ ಒಂಟೆಯ ಚೆಕ್ ಬಂದು ಡಿ8ರ ರಾಣಿ ಹೋಗುತ್ತದೆ. ಡಿ5ರ ಮನೆಯ ಮೇಲಿನ ಒತ್ತಡ ಮತ್ತು ಎರಡು ತೆರೆದ ಫೈಲ್‌ಗಳು ಬೇಗ ಕರಗದ ಕಾರಣ, ಸರಿಯಾಗಿ ಆಡಿದ ಕಪ್ಪಿನ ಎದುರಿನಲ್ಲೂ ಬಿಳಿ ಉಸಿರಾಡುತ್ತಿರುತ್ತದೆ. ಒಂದು ಕಿರಿಕಿರಿ ಮಾತ್ರ ಇದೆ. ಕಪ್ಪು ಕಾಲಾಳನ್ನು ಹೊಡೆಯದೆ ಕುದುರೆಯನ್ನು ಎಫ್6ಕ್ಕೆ ತಂದು ನಿರಾಕರಿಸಿದರೆ ಆಟ ಎರಡನೆಯ ನಡೆಯಲ್ಲೇ ಸಿ3 ಆಡುವ ಅಲಪಿನ್ ಮಾದರಿಗೆ ತಿರುಗುತ್ತದೆ. ಸ್ಮಿತ್–ಮೊರಾ ಕಲಿಯುವವರು ಅಲಪಿನ್ ಅನ್ನೂ ಕಲಿಯಲೇಬೇಕು.

ನಿಧಾನದವು: ಬೆಂಕೊ ಮತ್ತು ಮಾರ್ಷಲ್

ಕ್ವೀನ್ಸ್ ಗ್ಯಾಂಬಿಟ್ ಅನ್ನು ಇಲ್ಲಿ ಸೇರಿಸಬೇಕೆ ಎಂಬ ಸಂದೇಹ ಬರುತ್ತದೆ. ಡಿ4 ಡಿ5, ಸಿ4ರ ನಂತರ ಕಪ್ಪು ಸಿ4ರ ಕಾಲಾಳನ್ನು ಹೊಡೆದು, ಬಿಳಿ ಇ3 ಆಡಿದಾಗ ಅದನ್ನು ಉಳಿಸಿಕೊಳ್ಳಲು ಬಿ5 ಆಡಿದರೆ, ಬಿಳಿ ಎ4, ಕಪ್ಪು ಸಿ6, ಬಿ5ರಲ್ಲಿ ವಿನಿಮಯ, ನಂತರ ರಾಣಿ ಎಫ್3ಕ್ಕೆ ಬಂದು ಎ8ರ ಆನೆಯನ್ನು ದಿಟ್ಟಿಸುತ್ತದೆ. ಕಪ್ಪಿಗೆ ಕನಿಷ್ಠ ಒಂದು ಕಾಯಿ ನಷ್ಟ. ಕೊಟ್ಟದ್ದು ವಾಪಸು ಬಂದೇ ಬರುವುದರಿಂದ ಇದು ಹೆಸರಿಗೆ ಮಾತ್ರ ಗ್ಯಾಂಬಿಟ್. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಪಬ್ಲಾಂಕ ಮತ್ತು ಅಲೆಖಿನ್ ಆಡಿದ 34 ಆಟಗಳಲ್ಲಿ 32 ಈ ಓಪನಿಂಗ್‌ನವು ಎಂದರೆ ಇದರ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಡ.

ನಿಜವಾದ ನಿಧಾನದ ಗ್ಯಾಂಬಿಟ್ ಎಂದರೆ ಬೆಂಕೊ. ಡಿ4 ಕುದುರೆ ಎಫ್6, ಸಿ4 ಸಿ5, ಡಿ5 ಬಿ5. ಬಿಳಿ ಬಿ5ರ ಕಾಲಾಳನ್ನೂ, ಬಳಿಕ ಎ6ರದನ್ನೂ ಹೊಡೆದ ಮೇಲೆ ಕಪ್ಪಿಗೆ ಎ ಮತ್ತು ಬಿ ಫೈಲ್‌ಗಳೆರಡೂ ತೆರೆದಿರುತ್ತವೆ. ಆನೆಗಳು ಅಲ್ಲಿ ನಿಲ್ಲುತ್ತವೆ, ಜಿ7ರ ಒಂಟೆ ಉದ್ದನೆಯ ಕರ್ಣದಿಂದ ಬಿ2ರ ಕಾಲಾಳನ್ನು ನೋಡುತ್ತಿರುತ್ತದೆ, ಎ6ರ ಒಂಟೆಯ ದೆಸೆಯಿಂದ ಬಿಳಿ ಇ4 ಆಡಿದರೆ ಒಂಟೆಗಳು ವಿನಿಮಯವಾಗಿ ಬಿಳಿಯ ರಾಜ ಕ್ಯಾಸ್ಲಿಂಗ್ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಮೊದಲ ಹದಿನೈದು ನಡೆಗಳಲ್ಲಿ ದಾಳಿ ಎಂಬುದೇ ಕಾಣುವುದಿಲ್ಲ. ಅಚ್ಚರಿಯೆಂದರೆ ರಾಣಿಗಳು ವಿನಿಮಯವಾದ ಮೇಲೂ ಕಪ್ಪಿನ ಒತ್ತಡ ಕಡಿಮೆಯಾಗದು. ಕಾಲಾಳು ಕಡಿಮೆಯಿರುವವರು ಎಂಡ್‌ಗೇಮ್‌ಗೆ (ಕಾಯಿಗಳು ಕಡಿಮೆಯಾದ ಕೊನೆಯ ಹಂತಕ್ಕೆ) ಹಾತೊರೆಯುವ ಇಂಥ ಸನ್ನಿವೇಶ ಬೇರೆ ಗ್ಯಾಂಬಿಟ್‌ಗಳಲ್ಲಿ ವಿರಳ. ಆನೆಗಳನ್ನು ಎಲ್ಲಿಡಬೇಕೆಂಬುದು ಒಮ್ಮೆ ಮನಸ್ಸಿಗೆ ಹತ್ತಿದರೆ ಕಂಠಪಾಠದ ಹೊರೆ ಕಡಿಮೆ, ಆದ್ದರಿಂದ ವಯಸ್ಕ ಕಲಿಕೆಗಾರರಿಗೆ ಇದು ಬಹಳ ಒಗ್ಗುತ್ತದೆ.

ಮಾರ್ಷಲ್ ದಾಳಿಯ ಸಂಗತಿ ಇದಕ್ಕೆ ತದ್ವಿರುದ್ಧ. ರುಯ್ ಲೋಪೆಜ್‌ನ ಎಂಟನೆಯ ನಡೆಯಲ್ಲಿ ಡಿ5 ಆಡಿ ಕಪ್ಪು ಇ5ರ ಕಾಲಾಳನ್ನು ಬಿಟ್ಟುಕೊಡುತ್ತದೆ. 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಫ್ರಾಂಕ್ ಮಾರ್ಷಲ್ ಇದನ್ನು ಕಪಬ್ಲಾಂಕ ಅವರ ಮೇಲೆ ಪ್ರಯೋಗಿಸಿದಾಗ, ಕಪಬ್ಲಾಂಕ ಹಲಗೆಯ ಮುಂದೆ ಕುಳಿತೇ ರಕ್ಷಣೆಯನ್ನು ಕಂಡುಕೊಂಡು ಗೆದ್ದರು. ಓಪನಿಂಗ್ ಅಲ್ಲಿಗೇ ಸಾಯಲಿಲ್ಲ: 2004ರಲ್ಲಿ ಬ್ರಿಸ್ಸಾಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಎಂಟನೆಯ ಆಟದಲ್ಲಿ ಪೀಟರ್ ಲೆಕೊ ಕಪ್ಪು ಕಾಯಿಗಳಲ್ಲಿ ಇದರಿಂದಲೇ ಕ್ರಾಮ್ನಿಕ್ ಅವರನ್ನು ಸೋಲಿಸಿದರು. ದಾಳಿ ಫಲಿಸದಿದ್ದರೂ ಜೋಡಿ ಒಂಟೆಗಳ ಬಲದಿಂದ ಡ್ರಾ ಸಾಧಿಸಬಹುದೆಂಬ ಭರವಸೆಯೇ ಅತ್ಯುನ್ನತ ಮಟ್ಟದಲ್ಲಿ ಇದಕ್ಕಿರುವ ಬೆಲೆ. ಆದರೆ ಇಪ್ಪತ್ತು ನಡೆಗಳಾಚೆಗೂ ನೆನಪಿಟ್ಟುಕೊಳ್ಳಬೇಕಾದ ಆಟವಿದು, ಜೊತೆಗೆ ಬಿಳಿ ಎ4 ಅಥವಾ ಹೆಚ್3 ಆಡಿ ಅದನ್ನು ತಪ್ಪಿಸಬಲ್ಲದು. 2000ದ ಕೆಳಗಿನ ರೇಟಿಂಗ್‌ನವರು ಇದಕ್ಕೆ ವ್ಯಯಿಸುವ ಗಂಟೆಗಳನ್ನು ಎಂಡ್‌ಗೇಮ್‌ಗೆ ಕೊಡುವುದು ಲೇಸೆಂದು ನನಗನ್ನಿಸುತ್ತದೆ.

ಸಮಯ, ಮಟ್ಟ, ಆವರ್ತನೆ

ಆಟಕ್ಕೆ ಎಷ್ಟು ಸಮಯ ಇದೆಯೆಂಬುದು ಆಯ್ಕೆಯನ್ನು ಗಣನೀಯವಾಗಿ ಬದಲಿಸುತ್ತದೆ. ಬ್ಲಿಟ್ಸ್‌ನಲ್ಲಿ ರಕ್ಷಿಸಿಕೊಳ್ಳುವವರು ಪ್ರತಿ ನಡೆಗೂ ಯೋಚಿಸಬೇಕಾಗುತ್ತದೆ, ದಾಳಿ ಮಾಡುವವರ ನಡೆಗಳು ತಾವಾಗಿ ಬರುತ್ತವೆ. ಹೀಗಾಗಿ ಕರಗುವ ಮುನ್ನಡೆಯೂ ಅಲ್ಲಿ ಆಟ ಮುಗಿಯುವವರೆಗೆ ಬಾಳುತ್ತದೆ. ತೊಂಬತ್ತು ನಿಮಿಷದ ಕ್ಲಾಸಿಕಲ್ ಆಟದಲ್ಲಿ ಅದೇ ಎದುರಾಳಿ ಇಪ್ಪತ್ತು ನಿಮಿಷ ಯೋಚಿಸಿ ಶ್ಲೆಕ್ಟರ್ ಅವರ ಡಿ5ನ್ನು ತಾವೇ ಕಂಡುಹಿಡಿಯಬಹುದು. ಆದ್ದರಿಂದ ಡೇನಿಷ್, ಕಿಂಗ್ಸ್ ಗ್ಯಾಂಬಿಟ್‌ಗಳನ್ನು ಬ್ಲಿಟ್ಸ್ ಮತ್ತು ರ್‍ಯಾಪಿಡ್‌ಗೆ ಇಟ್ಟುಕೊಂಡು, ಕ್ಲಾಸಿಕಲ್‌ಗೆ ಇವಾನ್ಸ್, ವಿಯೆನ್ನಾ, ಸ್ಮಿತ್–ಮೊರಾಗಳನ್ನು ಆರಿಸುವುದು ಒಳ್ಳೆಯದು. ಕಲಿಕೆಯ ದೃಷ್ಟಿಯಿಂದಲೂ ಮೊದಲ ವರ್ಷಗಳಲ್ಲಿ ಗ್ಯಾಂಬಿಟ್ ಆಡುವುದಕ್ಕೆ ನನ್ನ ಒತ್ತಾಯವಿದೆ: ಕಾಲಾಳು ಕೊಟ್ಟ ಮೇಲೆ ಒಂದು ನಡೆ ವ್ಯರ್ಥ ಮಾಡಿದರೂ ಶಿಕ್ಷೆ ಕಾದಿರುವುದರಿಂದ, ಪ್ರತಿ ನಡೆಯ ಬೆಲೆ ಬೇಗ ಅರಿವಾಗುತ್ತದೆ. 1600 ದಾಟಿದವರು ಅದರ ಜೊತೆಗೆ ಗ್ಯಾಂಬಿಟ್ ಇಲ್ಲದ ಒಂದು ಶಾಂತ ಓಪನಿಂಗ್ ಅನ್ನೂ ಇಟ್ಟುಕೊಳ್ಳಬೇಕು, ಏಕೆಂದರೆ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಾಕಾಗುವ ದಿನಗಳೂ ಬರುತ್ತವೆ.

ಕೊನೆಯದಾಗಿ ನೋಡಬೇಕಾದದ್ದು ಆರಿಸಿಕೊಂಡ ಗ್ಯಾಂಬಿಟ್ ಹಲಗೆಯ ಮೇಲೆ ಎಷ್ಟು ಸಲ ಬರುತ್ತದೆ ಎಂಬುದನ್ನು. ಕಿಂಗ್ಸ್ ಗ್ಯಾಂಬಿಟ್ ಆಡಲು ಕಪ್ಪು ಇ5 ಆಡಿದರೆ ಸಾಕು. ಇವಾನ್ಸ್‌ಗೆ ಕಪ್ಪಿನ ಮೂರು ನಡೆಗಳು ನಮಗೆ ಬೇಕಾದಂತೆಯೇ ಬರಬೇಕು. ಡಿ4ಕ್ಕೆ ಎದುರಾಗಿ ಬೆಂಕೊ ಅಥವಾ ಬುಡಾಪೆಸ್ಟ್ ಆಡಬಯಸುವವರಿಗೆ ಬಿಳಿಯ ಸಿ4 ಅತ್ಯಗತ್ಯ, ಕ್ಲಬ್ ಮಟ್ಟದಲ್ಲಾದರೋ ಒಂಟೆಯನ್ನು ಎಫ್4ಕ್ಕೆ ತಂದಿಡುವ ಲಂಡನ್ ವ್ಯವಸ್ಥೆಯನ್ನು ಆಡುವವರು ಬಹಳ. ಅವರೆದುರು ಎರಡೂ ಗ್ಯಾಂಬಿಟ್ ಕೆಲಸಕ್ಕೆ ಬರುವುದಿಲ್ಲ. ಹಾಗಿದ್ದರೂ ಬೆಂಕೊ ಕಲಿತವರು ಜಿ6, ಒಂಟೆ ಜಿ7, ಸಿ5 ಎಂಬ ತಮ್ಮ ಪರಿಚಿತ ನಡೆಗಳನ್ನೇ ಲಂಡನ್ ವಿರುದ್ಧವೂ ಬಳಸಬಹುದು. ಬುಡಾಪೆಸ್ಟ್ ಕಲಿತವರು ಲಂಡನ್‌ಗೆಂದು ಮೊದಲಿನಿಂದ ಬೇರೆ ಸಿದ್ಧತೆ ನಡೆಸಬೇಕು.